ಮೊಹ್ಸ್ ಸರ್ಜರಿ: ಅಂಚು ಪೂರ್ತಿ ಒಂದೇ ಸ್ಲೈಡಿಗೆ ಬರುವುದು ಹೇಗೆ?

ಮೊಹ್ಸ್ ಸರ್ಜರಿ ಅಂದರೆ ಚರ್ಮದ ಕ್ಯಾನ್ಸರನ್ನು ಪದರ ಪದರವಾಗಿ ತೆಗೆದು ನೋಡುವ ಆಪರೇಷನ್. ಹಂತಗಳು ಸುಲಭ. ಕಣ್ಣಿಗೆ ಕಾಣುವ ಗಡ್ಡೆ ತೆಗೆಯುತ್ತಾರೆ, ಅದರ ಸುತ್ತ ಮತ್ತು ತಳದಿಂದ ಒಂದು ತೆಳು ಪದರ ತೆಗೆಯುತ್ತಾರೆ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಕ್ಯಾನ್ಸರ್ ಉಳಿದಿದ್ದರೆ ಆ ಜಾಗದಲ್ಲಿ ಮಾತ್ರ ಮತ್ತೊಂದು ಪದರ. ಲೋಕಲ್ ಅನಸ್ತೇಶಿಯಾ ಸಾಕು. ಸ್ಲೈಡ್ ರೆಡಿಯಾಗುವ ತನಕ ರೋಗಿ ಬ್ಯಾಂಡೇಜ್ ಹಾಕಿಸಿಕೊಂಡು ಕೂತಿರುತ್ತಾರೆ. ಕತ್ತರಿಸುವವರೂ ಸ್ಲೈಡ್ ಓದುವವರೂ ಒಬ್ಬರೇ ಡಾಕ್ಟರ್.

1930ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರೆಡೆರಿಕ್ ಮೊಹ್ಸ್ ಇದನ್ನು ಶುರು ಮಾಡಿದಾಗ ಕತ್ತರಿಸುವ ಮುಂಚೆ ಚರ್ಮವನ್ನು ಇದ್ದಲ್ಲೇ ಗಟ್ಟಿ ಮಾಡಲು ಝಿಂಕ್ ಕ್ಲೋರೈಡ್ ಪೇಸ್ಟ್ ಹಚ್ಚುತ್ತಿದ್ದರು. ನೋವು ಜಾಸ್ತಿ, ಒಂದೊಂದು ಹಂತಕ್ಕೂ ದಿನಗಟ್ಟಲೆ ಬೇಕಿತ್ತು. ಈಗ ಪೇಸ್ಟ್ ಇಲ್ಲ. ಹಸಿ ತುಂಡನ್ನೇ, ತಣ್ಣಗಿಟ್ಟು ತೆಳು ಹೋಳು ಕೊಯ್ಯುವ ಯಂತ್ರವಾದ ಕ್ರಯೋಸ್ಟಾಟ್‌ನಲ್ಲಿ ಹೆಪ್ಪುಗಟ್ಟಿಸಿ ಸ್ಲೈಡ್ ಮಾಡುತ್ತಾರೆ.

ನನಗೆ ತಲೆಗೆ ಹತ್ತದೇ ಇದ್ದದ್ದು ಒಂದೇ ವಿಷಯ. ತೆಗೆದ ತುಂಡಿನ ಸುತ್ತಲಿನ ಅಂಚು, ತಳದ ಅಂಚು ಎರಡೂ ಒಂದೇ ಸ್ಲೈಡಿಗೆ ಬರುತ್ತವೆ ಅಂತಾರೆ. ಒಂದು ಗೋಡೆ, ಇನ್ನೊಂದು ನೆಲ. ಚಪ್ಪಟೆ ಗಾಜಿನ ಮೇಲೆ ಎರಡೂ ಹೇಗೆ ಕೂರುತ್ತವೆ?

ಉತ್ತರ ಚಾಕು ಹಿಡಿಯುವ ಕೋನದಲ್ಲಿದೆ. ಗಡ್ಡೆ ಕತ್ತರಿಸಿ ತೆಗೆಯುವ ಮಾಮೂಲಿ ಎಕ್ಸಿಷನ್‌ನಲ್ಲಿ ಬ್ಲೇಡ್ ನೇರ ಇಳಿಯುತ್ತದೆ. ಇಲ್ಲಿ ಸುಮಾರು 45 ಡಿಗ್ರಿ ಓರೆ. ಹಾಗಾಗಿ ತುಂಡು ದೊನ್ನೆಯ ಆಕಾರದಲ್ಲಿ ಬರುತ್ತದೆ. ದೊನ್ನೆಯ ಅಂಚನ್ನು ಒತ್ತಿ ಎಲೆಯ ಹಾಗೆ ಬಿಡಿಸಿ. ಹೊರಮೈ ಪೂರ್ತಿ ಒಂದೇ ಮಟ್ಟಕ್ಕೆ ಬಂತು, ಅಲ್ವಾ? ಆ ಹೊರಮೈಯೇ ನಮಗೆ ಬೇಕಾದ ಅಂಚು. ಮೊದಲ ತೆಳು ಹೋಳನ್ನು ಅಲ್ಲಿಂದಲೇ ತೆಗೆಯುತ್ತಾರೆ. ಸ್ಲೈಡಿನ ಸುತ್ತಂಚಿನಲ್ಲಿ ಎಪಿಡರ್ಮಿಸ್ (ಚರ್ಮದ ಮೇಲ್ಪದರ), ನಡುವೆ ತಳದ ಭಾಗ.

ಇದರಿಂದ ಓದುವ ರೀತಿಯೇ ಬದಲಾಗುತ್ತದೆ. ಮಾಮೂಲಿಯಾಗಿ ತುಂಡನ್ನು ಬ್ರೆಡ್ಡಿನ ಹಾಗೆ ಮೇಲಿಂದ ಕೆಳಕ್ಕೆ ಕೊಯ್ಯುತ್ತಾರೆ; ಆ ನಿಲುವು ಹೋಳಿನಲ್ಲಿ ಕ್ಯಾನ್ಸರ್ ನಡುವೆ ಇದ್ದು ಅಂಚು ಖಾಲಿ ಇದ್ದರೆ ಕ್ಲಿಯರ್. ಮೊಹ್ಸ್ ಸ್ಲೈಡಿನಲ್ಲಿ ಎಲ್ಲೇ ಕಂಡರೂ, ನಟ್ಟನಡುವೆ ಕಂಡರೂ, ಪಾಸಿಟಿವ್, ಅಂದರೆ ಕ್ಯಾನ್ಸರ್ ಇನ್ನೂ ಉಳಿದಿದೆ. ಯಾಕಂದ್ರೆ ಇಡೀ ಸ್ಲೈಡೇ ಅಂಚು. ಮಾಮೂಲಿ ಹೋಳುಗಳಲ್ಲಿ ಅಂಚಿನ ಶೇ 1ಕ್ಕಿಂತ ಕಡಿಮೆ ಭಾಗ ಮಾತ್ರ ಕಣ್ಣಿಗೆ ಬೀಳುತ್ತದೆ, ಎರಡು ಹೋಳುಗಳ ನಡುವಿನ ಕ್ಯಾನ್ಸರಿನ ಬೇರು ತಪ್ಪಿಹೋಗಬಹುದು.

ಇನ್ನೊಂದು ಎಚ್ಚರ: ಬ್ಲಾಕನ್ನು (ಹೆಪ್ಪುಗಟ್ಟಿಸಿದ ತುಂಡನ್ನು) ಇನ್ನೂ ಕೊಯ್ಯುತ್ತಾ ಹೋದರೆ ನಾವು ಗಡ್ಡೆ ಇದ್ದ ಕಡೆಗೇ ಹೋಗುತ್ತೇವೆ, ರೋಗಿಯ ಗಾಯದಿಂದ ದೂರ. ಆಳದ ಹೋಳಿನಲ್ಲಿ ಮಾತ್ರ ಕ್ಯಾನ್ಸರ್ ಕಂಡರೆ ಅದು ರೋಗಿಯಲ್ಲಿ ಉಳಿದಿದೆ ಅಂತ ಅರ್ಥವಲ್ಲ. ಅದಕ್ಕೇ ಮೊದಲ ಹೋಳಿನಲ್ಲಿ ಎಪಿಡರ್ಮಿಸ್ ಸುತ್ತಲೂ ಕಡಿಯದೆ ಬಂದಿದೆಯಾ ಅಂತ ನೋಡಬೇಕು. ಒಂದು ಕಡೆ ಮಡಚಿಕೊಂಡಿದ್ದರೂ ಆ ಭಾಗ ಕ್ಲಿಯರ್ ಅನ್ನುವ ಹಾಗಿಲ್ಲ.

ನಕ್ಷೆ ಚಿಕ್ಕ ಕೆಲಸ, ಆದರೆ ಅದಿಲ್ಲದೆ ಏನೂ ಇಲ್ಲ. ತುಂಡನ್ನು ಚರ್ಮದಿಂದ ಬೇರ್ಪಡಿಸುವ ಮುಂಚೆ, ಗಾಯವನ್ನು ಗಡಿಯಾರದ ಮುಖ ಅಂದುಕೊಂಡು, 12 ಗಂಟೆಯ ಜಾಗದಲ್ಲಿ ಚರ್ಮಕ್ಕೂ ತುಂಡಿಗೂ ಸೇರಿಸಿ ಒಂದು ಸಣ್ಣ ಗೀರು. ಒಂದು ಬದಿಗೆ ನೀಲಿ ಶಾಯಿ, ಇನ್ನೊಂದಕ್ಕೆ ಕೆಂಪು. ಸ್ಲೈಡಿನಲ್ಲಿ 3 ಮತ್ತು 4 ಗಂಟೆಯ ನಡುವೆ ಕ್ಯಾನ್ಸರ್ ಕಂಡರೆ ಗಾಯದಲ್ಲೂ ಅಷ್ಟೇ ಜಾಗದಿಂದ ಇನ್ನು ಒಂದೆರಡು ಮಿಲಿಮೀಟರ್. ಉಳಿದ ಚರ್ಮ ಉಳಿಯಿತು. ಮೂಗು, ರೆಪ್ಪೆ, ತುಟಿ, ಕಿವಿಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಮೊದಲ ಸಲ ಬಂದ ಬೇಸಲ್ ಸೆಲ್ ಕಾರ್ಸಿನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಸುಮಾರು ಶೇ 99ರಷ್ಟು ವಾಸಿಯಾಗುತ್ತದೆ.

ಇದೆಲ್ಲ ಕ್ಯಾನ್ಸರ್ ಕಡಿಯದೆ ಹಬ್ಬುತ್ತದೆ ಅನ್ನುವುದರ ಮೇಲೆ ನಿಂತಿದೆ. ನಡುವೆ ಜಾಗ ಬಿಟ್ಟು ಹಾರಿ ಬೆಳೆದರೆ ಅಂಚು ಖಾಲಿ ಕಂಡರೂ ಆಚೆ ಉಳಿದಿರಬಹುದು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ (ಮೆಲನೊಸೈಟ್) ಕ್ಯಾನ್ಸರಾದ ಮೆಲನೋಮಾದಲ್ಲಿ ತೊಂದರೆ ಬೇರೆ: ಹೆಪ್ಪುಗಟ್ಟಿಸಿದ ಹೋಳಿನಲ್ಲಿ ಮೆಲನೊಸೈಟ್ ಗುರುತಿಸುವುದು ಕಷ್ಟ, ಹಾಗಾಗಿ ಆ ಕೋಶಗಳನ್ನು ಎದ್ದು ತೋರಿಸುವ ಮಾರ್ಟ್-1 ಬಣ್ಣವನ್ನೂ ಹಾಕಿ ನೋಡುತ್ತಾರೆ.