ದಪ್ಪಕ್ಷರದಲ್ಲಿ ಇಲ್ಲದ ಪದಗಳು

'ಕಾಫಿಯ ಇಳುವರಿ ಹೂಮಳೆಯನ್ನು ಅವಲಂಬಿಸಿದೆ.' ಈ ವಾಕ್ಯವನ್ನು ಕೊಡಗಿನ ಸಿದ್ದಾಪುರದ ಕಡೆಯ ಐದನೇ ತರಗತಿಯ ಮಗುವಿಗೆ ಓದಲು ಕೊಡಿ. ಕಾಫಿ ಗೊತ್ತು. ಹೂಮಳೆ ಇನ್ನೂ ಚೆನ್ನಾಗಿ ಗೊತ್ತು. ಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಹೂ ಅರಳಿ ಬೆಳ್ಳಗಾಗುವುದನ್ನು ಅದು ಹುಟ್ಟಿದಾಗಿನಿಂದ ನೋಡಿದೆ. ಮಗು ಎಡವುವುದು 'ಅವಲಂಬಿಸಿದೆ' ಎಂಬಲ್ಲಿ. ಪಾಠದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದು ಮಾತ್ರ 'ಪರಾಗಸ್ಪರ್ಶ'ದಂಥ ಪದ!

ಅಮೆರಿಕದ ಸಂಶೋಧಕಿ ಇಸಾಬೆಲ್ ಬೆಕ್ ಮತ್ತು ಸಂಗಡಿಗರು ಪದಗಳನ್ನು ಮೂರು ಹಂತ ಮಾಡಿದರು. ಮೊದಲನೆಯದು ದಿನದ ಮಾತಿನವು. ಮೂರನೆಯದು ಒಂದೇ ವಿಷಯಕ್ಕೆ ಅಂಟಿಕೊಂಡವು, ಪರಾಗಸ್ಪರ್ಶದ ಹಾಗೆ. ನಡುವಿನವು ಮನೆಯಲ್ಲಿ ಕಿವಿಗೆ ಬೀಳುವುದು ಅಪರೂಪ, ಆದರೆ ಪುಸ್ತಕದಲ್ಲಿ ಎಲ್ಲೆಲ್ಲೂ ಇರುತ್ತವೆ: ಪರಿಣಾಮ, ಹೋಲಿಸು, ಅವಲಂಬಿಸು. ಹೆಚ್ಚು ಹೊತ್ತು ಕೊಡಬೇಕಾದ್ದು ಇವಕ್ಕೇ. ಪರಾಗಸ್ಪರ್ಶವನ್ನು ವಿಜ್ಞಾನದ ಪಾಠವೇ ಚಿತ್ರ ಬರೆದು ವಿವರಿಸುತ್ತದೆ. 'ಅವಲಂಬಿಸು' ವಿಜ್ಞಾನದಲ್ಲೂ ಬರುತ್ತದೆ, ಸಮಾಜ ಪಾಠದಲ್ಲೂ ಬರುತ್ತದೆ, ಯಾರೂ ನಿಂತು ಹೇಳಿಕೊಡುವುದಿಲ್ಲ.

ಎಲ್ಲವನ್ನೂ ಕಲಿಸಿಬಿಡೋಣ ಅಂದರೆ ಆಗುವುದಿಲ್ಲ. ಬೆಕ್, ಮಾರ್ಗರೆಟ್ ಮೆಕ್‌ಕ್ಯೂನ್ ಮತ್ತಿತರರು 1985ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ಕೆಲವು ಪದಗಳು 4 ಸಲ, ಕೆಲವು 12 ಸಲ ಎದುರಾಗುವಂತೆ ಮಾಡಿದರು. 4 ಸಲಕ್ಕೆ ಅರ್ಥ ನೆನಪಿನಲ್ಲಿ ಉಳಿಯಿತು. ಆ ಪದ ಇರುವ ಕಥೆ ಚೆನ್ನಾಗಿ ಅರ್ಥವಾಗಲು ಮಾತ್ರ 12 ಸಲ ಬೇಕಾಯಿತು. ಒಂದು ಪದಕ್ಕೇ ಇಷ್ಟು ಹೊತ್ತು ಹಿಡಿದರೆ ಆರಿಸದೆ ವಿಧಿಯಿಲ್ಲ, ಅಲ್ವಾ?

ಕನ್ನಡದಲ್ಲಿ ಒಂದು ಅನುಕೂಲವಿದೆ. 'ಅವಲಂಬಿಸು' ಗಟ್ಟಿಯಾದರೆ ಅವಲಂಬನೆ, ಅವಲಂಬಿತ, ಸ್ವಾವಲಂಬಿ ಎಲ್ಲವೂ ಹತ್ತಿರವಾಗುತ್ತವೆ. ಹೀಗೆ ದೊಡ್ಡ ಬಳಗ ಇರುವ ಪದಕ್ಕೆ ನಾನಂತೂ ಮೊದಲ ಜಾಗ ಕೊಡುತ್ತೇನೆ.

ಆದರೆ ಕೊಡಗಿನ ತರಗತಿಯಲ್ಲಿ ಮೊದಲ ಹಂತವೇ ಎಲ್ಲರಿಗೂ ಒಂದಲ್ಲ. ಒಂದೇ ಬೆಂಚಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳ ಮನೆಮಾತಿನ ಮಕ್ಕಳು ಕೂತಿರಬಹುದು. ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬರುವ ಅಸ್ಸಾಮಿನ ಮಗುವಿಗೆ 'ಬೇಗ', 'ಪಕ್ಕ' ಕೂಡ ಹೊಸದು. ಬೇರೆ ಊರಲ್ಲಿ ಕೂತು ಮಾಡಿದ, ಕಲಿಸಬೇಕಾದ ಪದಗಳ ಪಟ್ಟಿಗೆ ಇದು ಹೇಗೆ ಗೊತ್ತಾಗಬೇಕು? ಅದಕ್ಕೇ ಪಟ್ಟಿಯ ಕೊನೆಯ ಮಾತು ತರಗತಿಯ ಟೀಚರದ್ದೇ ಆಗಿರಬೇಕು.

ಪಾಠ ಶುರು ಮಾಡುವ ಮೊದಲು ಒಂದು ಪ್ಯಾರಾ ಓದಿಸಿ, ಅದನ್ನು ಮನೆಮಾತಿನಲ್ಲಿ ಹೇಳಲು ಬಿಡಿ. ಟೀಚರಿಗೆ ಯರವ ಬಾರದಿದ್ದರೂ ಮಗು ಎಲ್ಲಿ ತಡವರಿಸಿತು ಅನ್ನುವುದು ತಿಳಿಯುತ್ತದೆ. ಆ ಪದಗಳನ್ನು ಬರೆದುಕೊಂಡು, ಮುಂದಿನ ಪಾಠಗಳಲ್ಲೂ ಬರುವ ಐದಾರನ್ನು ವಾರಕ್ಕೆಂದು ಆರಿಸಿಕೊಂಡರೆ ಸಾಕು.