ಪೋಷಕ ಪಾತ್ರ ಮತ್ತು ಪೋಷಕರ ಸಹಿ

ಮುಂಬಯಿಯ ವಡಾಲದ ಕನ್ನಡ ಶಾಲೆಯೊಂದರಲ್ಲಿ ಓದಿದ ನನಗೆ ‘ಪೋಷಕ’ ಎಂಬ ಪದ ಕಿವಿಗೆ ಬಿದ್ದೊಡನೆ ನೆನಪಾಗುವುದು ಪ್ರಗತಿಪತ್ರದ ಕೊನೆಯಲ್ಲಿ ‘ಪೋಷಕರ ಸಹಿ’ ಎಂದು ಅಚ್ಚಾಗಿರುತ್ತಿದ್ದ ಗೆರೆ. ಆ ಗೆರೆಯ ಮೇಲೆ ಅಪ್ಪನ ಸಹಿ ಬೀಳುವವರೆಗೆ, ಗಣಿತದ ಅಂಕಗಳನ್ನು ಯಾವ ಹೊತ್ತಿನಲ್ಲಿ, ಯಾವ ಮುಖ ಹೊತ್ತುಕೊಂಡು ಅವರ ಮುಂದೆ ಇಡುವುದೆಂಬ ಚಿಂತೆಯಲ್ಲೇ ಎರಡು ದಿನ ಕಳೆಯುತ್ತಿತ್ತು. ಮುಂದೆ ಅನಿಮೇಶನ್ ಕಲಿತು, ಗೋರೆಗಾಂವ್‌ನ ಸ್ಟುಡಿಯೋಗಳಲ್ಲಿ ಹದಿನೆಂಟು ವರ್ಷ ಪಾತ್ರಗಳನ್ನು ನಡೆಸುತ್ತ, ಓಡಿಸುತ್ತ, ಬೀಳಿಸುತ್ತ ಬಂದ ಮೇಲೆ ಅದೇ ಪದ ‘ಪೋಷಕ ಪಾತ್ರ’ ಎಂಬ ಇನ್ನೊಂದು ವೇಷದಲ್ಲಿ ಎದುರಾಯಿತು. ಈ ಎರಡು ಅರ್ಥಗಳೂ ಒಂದೇ ಕಡೆ ಕೂಡಿಬಂದದ್ದನ್ನು ನಾನು ಕಂಡದ್ದು 2023ರ ಜೂನ್‌ನಲ್ಲಿ ತೆರೆಗೆ ಬಂದ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ ಚಿತ್ರದಲ್ಲಿ. 2018ರ ‘ಇನ್‌ಟು ದ ಸ್ಪೈಡರ್-ವರ್ಸ್’ನ ಮುಂದಿನ ಭಾಗವಾದ, ಒಂದೊಂದು ಲೋಕಕ್ಕೂ ಒಬ್ಬೊಬ್ಬ ಸ್ಪೈಡರ್-ಮ್ಯಾನ್ ಇರುವ ಈ ಅನಿಮೇಶನ್ ಚಿತ್ರವನ್ನು ನಾನು ಅಭಿಮಾನಿಯಾಗಿಯೇ ನೋಡಿದೆ, ಈಗಲೂ ಅಭಿಮಾನಿಯಾಗಿಯೇ ಬರೆಯುತ್ತಿದ್ದೇನೆ, ಹಾಗೆಂದು ಅನ್ನ ಕೊಡುವ ಕಸುಬಿನ ಕಣ್ಣನ್ನು ಮನೆಯಲ್ಲಿಟ್ಟು ಚಿತ್ರಮಂದಿರಕ್ಕೆ ಹೋಗಲು ಬರುವುದಿಲ್ಲ.

ಸೂಪರ್‌ಹೀರೋ ಚಿತ್ರಗಳ ಎರಡನೆಯ ಭಾಗಕ್ಕೆ ಸಾಮಾನ್ಯವಾಗಿ ಅಂಟಿಕೊಳ್ಳುವ ಕಾಯಿಲೆಯೆಂದರೆ ಜನಸಂದಣಿ. ಮೊದಲ ಭಾಗ ಗೆದ್ದಿರುತ್ತದೆ, ಆದ್ದರಿಂದ ಎರಡನೆಯದರಲ್ಲಿ ಇನ್ನೂ ಇಬ್ಬರು ಖಳರು, ಮೂವರು ಗೆಳೆಯರು, ಒಬ್ಬ ಗುರು ಸೇರಿಕೊಂಡು, ಚಿತ್ರವು ಸಂಜೆ ಆರು ಗಂಟೆಯ ದಾದರ್ ಸ್ಟೇಷನ್ನಿನಂತಾಗಿ, ಯಾರು ಹತ್ತಿದರು ಯಾರು ಇಳಿದರು ಎಂಬುದೇ ತಿಳಿಯದ ಹಾಗೆ ಮುಗಿದುಹೋಗುತ್ತದೆ. 2004ರ ‘ಸ್ಪೈಡರ್-ಮ್ಯಾನ್ 2’ ಇದಕ್ಕೆ ಹೊರತಾಗಿತ್ತು; ಅದರಲ್ಲಿ ಓಡುವ ರೈಲನ್ನು ನಿಲ್ಲಿಸಿ ಪ್ರಜ್ಞೆ ತಪ್ಪಿದ ನಾಯಕನನ್ನು ಹೆಸರೇ ಇಲ್ಲದ ಪ್ರಯಾಣಿಕರು ತಲೆಯ ಮೇಲೆ ಕೈಯಿಂದ ಕೈಗೆ ದಾಟಿಸಿ ಮಲಗಿಸುವ ದೃಶ್ಯವನ್ನು ಲೋಕಲ್ ರೈಲಿನಲ್ಲಿ ಬೆಳೆದ ಯಾರೂ ಮರೆಯಲಾರರು. ಆದರೆ ಅಂಥ ಉದಾಹರಣೆಗಳು ಕಡಿಮೆ, ಅನಿಮೇಶನ್‌ನಲ್ಲಂತೂ ಇನ್ನೂ ಕಡಿಮೆ, ಮತ್ತು ಅದರ ಕಾರಣ ಬಹುಮಟ್ಟಿಗೆ ಹಣದ್ದು. ಹಿಂದೊಮ್ಮೆ ನಾನು ದುಡಿದ ಮಕ್ಕಳ ಧಾರಾವಾಹಿಯೊಂದರಲ್ಲಿ ನಾಯಕನಿಗೆಂದು ಮಾಡಿದ ರಿಗ್ಗನ್ನೇ, ಅಂದರೆ ಪಾತ್ರವನ್ನು ಒಳಗಿನಿಂದ ಆಡಿಸುವ ಎಲುಬಿನ ಗೂಡನ್ನೇ, ಸ್ವಲ್ಪ ದಪ್ಪ ಮಾಡಿ ಗೆಳೆಯನಿಗೂ, ಮೀಸೆ ಅಂಟಿಸಿ ಪೊಲೀಸಿನವನಿಗೂ, ಬೆನ್ನು ಬಗ್ಗಿಸಿ ಅಜ್ಜನಿಗೂ ಕೊಡಲಾಗಿತ್ತು. ನಡಿಗೆಯನ್ನು ಮಾತ್ರ ಹೊಸದಾಗಿ ಮಾಡಲು ಸಮಯವಿರಲಿಲ್ಲ. ಹಾಗಾಗಿ ಎಪ್ಪತ್ತರ ಅಜ್ಜ ಹತ್ತು ವರ್ಷದ ಮೊಮ್ಮಗನಂತೆಯೇ ಕೈ ಬೀಸಿಕೊಂಡು ಬೀದಿಯಲ್ಲಿ ಹೋಗುತ್ತಿದ್ದ. ಆ ನಡಿಗೆಯನ್ನು ಅಂಟಿಸಿದವನು ನಾನೇ.

ಈ ಹಿನ್ನೆಲೆಯಲ್ಲಿ ಹೋಬಿ ಬ್ರೌನ್ ಎಂಬ ಪಾತ್ರ ತೆರೆಗೆ ಬಂದಾಗ ನನಗಾದದ್ದು ಮೆಚ್ಚುಗೆಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚು. ಡೇನಿಯಲ್ ಕಲೂಯಾ ದನಿ ಕೊಟ್ಟಿರುವ ಈ ‘ಸ್ಪೈಡರ್-ಪಂಕ್’ ಲಂಡನ್ನಿನವನು, ಗಿಟಾರ್ ಹಿಡಿದವನು, ಯಾವ ಅಧಿಕಾರಕ್ಕೂ ತಲೆಬಾಗದವನು. ಅವನನ್ನು ಹಳೆಯ ಪಂಕ್ ಭಿತ್ತಿಪತ್ರದ ತುಂಡುಗಳನ್ನು ಕತ್ತರಿಸಿ ಅಂಟಿಸಿದಂತೆ ಚಿತ್ರಿಸಿದ್ದಾರೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ ಓಡುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ; ಪ್ರತಿ ಫ್ರೇಮಿಗೂ ಹೊಸ ಭಂಗಿ ಕೊಟ್ಟರೆ ನಾವು ಅದನ್ನು ‘ಒನ್ಸ್’ ಎನ್ನುತ್ತೇವೆ, ಒಂದು ಭಂಗಿಯನ್ನು ಎರಡು ಫ್ರೇಮ್ ಹಿಡಿದರೆ ‘ಟೂಸ್’, ಆಗ ಸೆಕೆಂಡಿಗೆ 12 ಭಂಗಿಗಳು ಮಾತ್ರ ಸಿಗುತ್ತವೆ. ಮೊದಲ ಭಾಗದಲ್ಲಿ ಇದೇ ಲೆಕ್ಕವನ್ನು ಕಥೆಗೆ ದುಡಿಸಿಕೊಂಡಿದ್ದರು: ಹಿಮ ಬಿದ್ದ ಕಾಡಿನಲ್ಲಿ ನುರಿತ ಪೀಟರ್ ಒನ್ಸ್‌ನಲ್ಲಿ ನುಣುಪಾಗಿ ಜೀಕುವಾಗ, ಇನ್ನೂ ಕಲಿಯುತ್ತಿರುವ ಹುಡುಗ, ಚಿತ್ರದ ನಾಯಕ ಮೈಲ್ಸ್ ಟೂಸ್‌ನಲ್ಲಿ ತಡವರಿಸುತ್ತಾನೆ, ಮತ್ತು ಅವನೇಕೆ ಎಳಸಾಗಿ ಕಾಣುತ್ತಾನೆಂದು ನೋಡುಗರು ಯೋಚಿಸುವ ಮೊದಲೇ ಅವರ ಕಣ್ಣಿಗೆ ಅದು ಗೊತ್ತಾಗಿರುತ್ತದೆ. ಎರಡನೆಯ ಭಾಗದವರು ಆ ಯುಕ್ತಿಯನ್ನು ನಾಯಕನಿಂದ ಕಿತ್ತು ಪೋಷಕ ಪಾತ್ರಕ್ಕೆ ಕೊಟ್ಟರು. ಹೋಬಿಯ ಮೈ ಒಂದು ಲೆಕ್ಕದಲ್ಲಿ ಚಲಿಸಿದರೆ ಅವನ ಜಾಕೆಟ್ ಇನ್ನೊಂದರಲ್ಲಿ, ಗಿಟಾರ್ ಮತ್ತೊಂದರಲ್ಲಿ.

ನನ್ನ ಪಕ್ಕದಲ್ಲಿ ಕುಳಿತಿದ್ದವನು ಅಕ್ಕನ ಮಗ, ಆಗ ಒಂಬತ್ತು ವರ್ಷದವನು. ಹೋಬಿ ಬಂದು ಅರ್ಧ ನಿಮಿಷವಾಗಿರಲಿಲ್ಲ, ನನ್ನ ತೋಳು ಎಳೆದು, “ಮಾಮ, ಅವನ ಜಾಕೆಟ್ ಹ್ಯಾಂಗ್ ಆಗ್ತಾ ಉಂಟು, ಹೇಳ್ಬೇಕಾ ಅವರಿಗೆ?” ಎಂದು ಪ್ರೊಜೆಕ್ಟರ್ ಕೋಣೆಯ ಕಡೆ ಕೈ ತೋರಿಸಿದ. ಹ್ಯಾಂಗ್ ಆಗುತ್ತಿಲ್ಲ, ಅವನು ಯಾರ ತಾಳಕ್ಕೂ ಕುಣಿಯುವುದಿಲ್ಲ, ತನ್ನ ಜಾಕೆಟ್ಟಿನ ತಾಳಕ್ಕೂ ಇಲ್ಲ ಎಂದು ಹೇಳಿದೆ. ಅವನು ಸ್ವಲ್ಪ ಹೊತ್ತು ನೋಡಿ, “ಓ, ಹಾಗಾ” ಎಂದು ಮತ್ತೆ ಪಾಪ್‌ಕಾರ್ನಿಗೆ ಕೈ ಹಾಕಿದ. ಇದೇ ಹೋಬಿ, ಕೆಂಪು ಬೆಳಕಿನ ವಿದ್ಯುತ್ ಪಂಜರದಲ್ಲಿ ಸಿಕ್ಕಿಬಿದ್ದ ಮೈಲ್ಸ್‌ಗೆ ಸಹಾಯ ಮಾಡುವ ಬಗೆಯೂ ಗಮನಿಸತಕ್ಕದ್ದು: ಅವನು ಬಾಗಿಲು ಒಡೆಯುವುದಿಲ್ಲ, ಹೊಡೆದಾಡುವುದಿಲ್ಲ, ಬೆರಳಲ್ಲ ಅಂಗೈ ಬಳಸು ಎಂಬ ಅರ್ಥದ ಮಾತೊಂದನ್ನು ಉದಾಸೀನವಾಗಿ ಎಸೆದು, ಎಲ್ಲ ಲೋಕಗಳ ಸ್ಪೈಡರ್‌ಗಳು ಸೇರಿದ ಇಡೀ ಕೂಟಕ್ಕೆ ರಾಜೀನಾಮೆ ಕೊಟ್ಟವನಂತೆ ಹೊರಟುಹೋಗುತ್ತಾನೆ. ಬಿಡುಗಡೆಯ ಕೆಲಸವನ್ನು ನಾಯಕನೇ ಮಾಡಿಕೊಳ್ಳಬೇಕು, ಕೀಲಿ ಮಾತ್ರ ಬೇರೆಯವರಿಂದ ಬರಬೇಕು. ಪೋಷಕ ಪಾತ್ರವನ್ನು ಬರೆಯುವ ಕಲೆಯಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಪಾಠವನ್ನು ನನ್ನ ವಿದ್ಯಾರ್ಥಿಗಳಿಗೆ ತೋರಿಸಲು ನನಗೆ ಈವರೆಗೆ ಸಿಕ್ಕಿಲ್ಲ.

ಒಂದೊಂದು ಪಾತ್ರಕ್ಕೆ ಒಂದೊಂದು ಚಲನೆ ಎಂಬುದು ನಮಗೆ ಹೊಸದೇನೂ ಅಲ್ಲ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ಸಭಾಂಗಣಗಳಲ್ಲಿ ಆಡುವ ಯಕ್ಷಗಾನವನ್ನು ನೋಡುತ್ತ ಬೆಳೆದವರಿಗೆ, ಪುಂಡುವೇಷದ ಕುಣಿತವೇ ಬೇರೆ, ರಾಜವೇಷದ ಗತ್ತೇ ಬೇರೆ, ಬಣ್ಣದ ವೇಷ ರಂಗಕ್ಕೆ ಬರುವ ಮೊದಲೇ ಚೆಂಡೆಯ ಪೆಟ್ಟು ಬದಲಾಗುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಈ ಚಿತ್ರದ ಖಳ ‘ದ ಸ್ಪಾಟ್’ ಹಾಸ್ಯಗಾರನಾಗಿ ಪ್ರವೇಶ ಮಾಡಿ ಬಣ್ಣದ ವೇಷವಾಗಿ ನಿರ್ಗಮಿಸುತ್ತಾನೆ ಎಂದರೆ ಯಕ್ಷಗಾನ ಬಲ್ಲ ಓದುಗರಿಗೆ ಅರ್ಧ ವಿಮರ್ಶೆ ಮುಗಿದಂತೆಯೇ. ಬಿಳಿ ಮೈಯ ಮೇಲೆ ಶಾಯಿ ಚೆಲ್ಲಿದಂತಹ ಕಪ್ಪು ಚುಕ್ಕೆಗಳಿರುವ ಇವನು ಮೊದಲು ಅಂಗಡಿಯೊಂದರ ಎಟಿಎಂ ಯಂತ್ರವನ್ನು ಕದಿಯಲು ಬಂದು, ತನ್ನದೇ ಚುಕ್ಕೆಗಳಲ್ಲಿ ಸಿಕ್ಕಿಕೊಂಡು ನಗೆಪಾಟಲಾಗುತ್ತಾನೆ. ಮೊದಲ ಭಾಗದಲ್ಲಿ ಮೈಲ್ಸ್ ಎಸೆದ ಬೇಗಲ್ ರೊಟ್ಟಿಯೊಂದು ತಲೆಗೆ ತಗುಲಿದ ಸಣ್ಣ ವಿಜ್ಞಾನಿ ತಾನೇ ಎಂದು ಅವನು ಹೇಳಿದಾಗ ಚಿತ್ರಮಂದಿರವೆಲ್ಲ ನಕ್ಕಿತು, ನಾನೂ ನಕ್ಕೆ. ಗುಂಪಿನಲ್ಲಿ ಒಬ್ಬನಾಗಿದ್ದವನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅವನು ಏನಾಗಬಹುದು ಎಂಬುದೇ ಆ ಪಾತ್ರದ ಕಥೆ. ಅದರಲ್ಲಿ ಮೈಲ್ಸ್‌ನಷ್ಟೇ ನಾವೂ ಪಾಲುದಾರರು ಎಂಬುದು ಅರಿವಾಗುವ ಹೊತ್ತಿಗೆ ಕಪ್ಪು ಬಿಳಿಯನ್ನು ನುಂಗಿರುತ್ತದೆ.

ಮುಂಬಯಿಯವನಾಗಿ ಪವಿತ್ರ ಪ್ರಭಾಕರನ ಬಗ್ಗೆ ಹೇಳದೆ ಇರಲಾಗದು. 2004ರಲ್ಲಿ ನಾಲ್ಕು ಸಂಚಿಕೆಗಳ ಕಾಮಿಕ್ಸ್ ಆಗಿ ಹುಟ್ಟಿದ ಈ ಭಾರತೀಯ ಸ್ಪೈಡರ್-ಮ್ಯಾನ್ ಇಲ್ಲಿ ‘ಮುಂಬಟ್ಟನ್’ ಎಂಬ, ಮುಂಬಯಿ ಮತ್ತು ಮ್ಯಾನ್‌ಹಟನ್ ಬೆರೆತ ಊರಿನ ಹುಡುಗ; ಆ ಊರನ್ನು ನಮ್ಮ ಬಾಲ್ಯದ ಇಂದ್ರಜಾಲ ಕಾಮಿಕ್ಸ್‌ನ ಬಣ್ಣಗಳಿಂದ ಪ್ರೇರಣೆ ಪಡೆದು ಕಟ್ಟಿದ್ದಾರೆ, ಅಚ್ಚು ಸ್ವಲ್ಪ ಸರಿದು ಬಣ್ಣ ಗೆರೆಯ ಆಚೆ ನಿಂತಂತೆ. ಭಾರತದಲ್ಲಿ ಚಿತ್ರ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ತೆರೆಕಂಡಿತು, ಹಿಂದಿ ಮತ್ತು ಪಂಜಾಬಿಯಲ್ಲಿ ಪವಿತ್ರನಿಗೆ ಕ್ರಿಕೆಟಿಗ ಶುಭಮನ್ ಗಿಲ್ ದನಿ ಕೊಟ್ಟರು. ‘ಚಾಯ್ ಟೀ’ ಎಂದ ಮೈಲ್ಸ್‌ನನ್ನು ಪವಿತ್ರ ತರಾಟೆಗೆ ತೆಗೆದುಕೊಳ್ಳುವ ಮಾತು ಜನಪ್ರಿಯವಾಯಿತು, ಆದರೆ ಮಾಟುಂಗದಲ್ಲಿ ‘ಚಾ’ ಕುಡಿದು, ಬೀದಿ ದಾಟಿದರೆ ‘ಚಹಾ’, ಆಫೀಸಿನಲ್ಲಿ ‘ಚಾಯ್’ ಕೇಳುವ ನಮಗೆ ಅದಕ್ಕಿಂತ ಹೆಚ್ಚು ನಗು ಬರಿಸಿದ್ದು ಊರು ತೋರಿಸುವಾಗ ಅವನು ಇಲ್ಲಿ ಟ್ರಾಫಿಕ್, ಇಲ್ಲಿಯೂ ಟ್ರಾಫಿಕ್ ಎಂದು ಹೇಳುತ್ತ ಹಾರಿಹೋಗುವುದು. ಅವನು ತೆರೆಯ ಮೇಲಿರುವುದು ಸ್ವಲ್ಪವೇ ಹೊತ್ತು. ಅಷ್ಟರಲ್ಲಿ ಅವನು ಕಥೆಗೆ ಅತಿ ಭಾರವಾದ ಒಂದು ಕೆಲಸ ಮಾಡಿಕೊಡುತ್ತಾನೆ: ಎಲ್ಲವೂ ಸುಲಭವಾಗಿ ಒಲಿದುಬಂದಿರುವ, ಇನ್ನೂ ಯಾವ ನೋವನ್ನೂ ಕಾಣದ ಸ್ಪೈಡರ್-ಮ್ಯಾನ್ ಹೇಗಿರುತ್ತಾನೆಂದು ತೋರಿಸುತ್ತಾನೆ. ಅವನ ಗೆಳತಿ ಗಾಯತ್ರಿಯ ತಂದೆ ಇನ್ಸ್‌ಪೆಕ್ಟರ್ ಸಿಂಗ್, ಒಂದು ಮಗುವನ್ನು ಉಳಿಸಲು ಹೋಗಿ ಸಾಯಬೇಕಾಗಿದ್ದವರು, ಮೈಲ್ಸ್‌ನಿಂದ ಉಳಿಯುತ್ತಾರೆ. ಆ ಸಾವು ನಡೆಯಲೇಬೇಕಿತ್ತು, ಸ್ಪೈಡರ್-ಮ್ಯಾನ್‌ಗೆ ಆಪ್ತನಾದ ಪೊಲೀಸ್ ಅಧಿಕಾರಿಯ ಸಾವು ಪ್ರತಿ ಲೋಕದ ಕಥೆಯಲ್ಲೂ ಬರೆದಿಟ್ಟದ್ದು ಎಂಬ ಸ್ಪೈಡರ್ ಕೂಟದ ವಾದ ಅಲ್ಲಿಂದ ಶುರುವಾಗುತ್ತದೆ.

ಇಲ್ಲಿಗೆ ನಾನು ನನ್ನ ಪ್ರಗತಿಪತ್ರದ ಗೆರೆಗೆ ಮರಳಬೇಕು, ಏಕೆಂದರೆ ಈ ಚಿತ್ರದ ಪೋಷಕ ಪಾತ್ರಗಳಲ್ಲಿ ಬಹುಮಂದಿ ಅಕ್ಷರಶಃ ಪೋಷಕರು. ಸ್ಪೈಡರ್ ಕೂಟದ ಜೆಸ್ಸಿಕಾ ಡ್ರೂ ತುಂಬು ಗರ್ಭಿಣಿ, ಹಾಗೆಯೇ ಮೋಟಾರ್ ಸೈಕಲ್ ಓಡಿಸುತ್ತಾಳೆ. ಮೊದಲ ಭಾಗದಲ್ಲಿ ಮಕ್ಕಳೆಂದರೆ ಹೆದರುತ್ತಿದ್ದ ಪೀಟರ್ ಬಿ. ಪಾರ್ಕರ್ ಈಗ ಮಗಳು ಮೇಡೇಯನ್ನು ಎದೆಗೆ ಕಟ್ಟಿಕೊಂಡು ಯುದ್ಧಕ್ಕೆ ಬರುತ್ತಾನೆ, ಸಿಕ್ಕವರಿಗೆಲ್ಲ ಅವಳ ಫೋಟೋ ತೋರಿಸುತ್ತಾನೆ. ಸ್ಪೈಡರ್ ಕೂಟದ ಮುಖಂಡ ಮಿಗೆಲ್ ಓಹಾರಾ ಬೇರೊಂದು ಲೋಕದಲ್ಲಿ ಸತ್ತ ತನ್ನದೇ ರೂಪದ ಜಾಗದಲ್ಲಿ ನಿಂತು ಮಗಳೊಬ್ಬಳ ತಂದೆಯಾಗಲು ಹೋಗಿ, ಆ ಲೋಕವೇ ಕರಗಿಹೋಗುವುದನ್ನು ಕಂಡವನು. ನಿಯಮ ಮುರಿದರೆ ಎಲ್ಲ ಕುಸಿಯುತ್ತದೆ ಎಂಬ ಅವನ ಹಟದ ಬುಡದಲ್ಲಿ ಇರುವುದು ಸಿದ್ಧಾಂತವಲ್ಲ, ಮಗಳ ಸಾವು. ಅವನನ್ನು ಖಳನೆಂದು ಕರೆಯುವ ಗೆಳೆಯರೊಂದಿಗೆ ನಾನು ಇಂದಿಗೂ ಜಗಳವಾಡುತ್ತೇನೆ. ಇನ್ನು ಮೈಲ್ಸ್‌ನ ತಾಯಿ ರಿಯೊ ಮತ್ತು ತಂದೆ ಜೆಫರ್ಸನ್: ಚಿತ್ರದ ಮೊದಲರ್ಧದಲ್ಲಿ ಇವರಿಬ್ಬರೂ ಶಾಲೆಯ ಸಲಹೆಗಾರ್ತಿಯ ಕೋಣೆಯಲ್ಲಿ, ಬರಬೇಕಾದ ಮಗ ಬಾರದೆ, ಕುರ್ಚಿಯಲ್ಲಿ ಚಡಪಡಿಸುತ್ತ ಕುಳಿತಿರುತ್ತಾರೆ. ಕೋಟಿ ಲೋಕಗಳು ಅಪಾಯದಲ್ಲಿರುವ ಚಿತ್ರದಲ್ಲಿ ಒಂದು ಪೋಷಕರ ಸಭೆಗೆ ಅಷ್ಟು ಹೊತ್ತು ಕೊಟ್ಟಿರುವುದು ನನಗೆ ಆಗ ವಿಚಿತ್ರವೆನಿಸಿತ್ತು, ಎರಡನೆಯ ಸಲ ನೋಡಿದಾಗ ಚಿತ್ರದ ಅಡಿಗಲ್ಲು ಅದೇ ಎಂದು ಹೊಳೆಯಿತು. ಪೊಲೀಸ್ ಕ್ಯಾಪ್ಟನ್ ಹುದ್ದೆಗೆ ತಂದೆಯ ಬಡ್ತಿಯ ಸಂತೋಷಕೂಟ ನಡೆಯುವ ತಾರಸಿಯಲ್ಲಿ, ಮಗ ಏನನ್ನೋ ಮುಚ್ಚಿಡುತ್ತಿದ್ದಾನೆಂದು ತಿಳಿದೂ ಅದೇನೆಂದು ಕೇಳಿ ಹಿಂಸಿಸದೆ, ಎಲ್ಲಿಗೆ ಹೋದರೂ ತನ್ನ ಪುಟ್ಟ ಹುಡುಗನನ್ನು ನೋಡಿಕೋ ಎಂದು ಅವನನ್ನು ಅವನಿಗೇ ಒಪ್ಪಿಸಿಕೊಡುವ ರಿಯೊಳ ಮುಖದಲ್ಲಿ ಅನಿಮೇಟರ್‌ಗಳು ಎಷ್ಟು ಕಡಿಮೆ ಚಲನೆ ಇಟ್ಟಿದ್ದಾರೆ ನೋಡಿ. ಕಣ್ಣು ಸ್ವಲ್ಪ ಕಿರಿದಾಗುತ್ತದೆ, ತುಟಿಯ ಒಂದು ಮೂಲೆ ನಿಂತುಬಿಡುತ್ತದೆ. ಹೊಡೆದಾಟದ ಶಾಟ್‌ಗಿಂತ ಅಂಥ ಶಾಟ್ ನಮ್ಮನ್ನು ಹೆಚ್ಚು ದಿನ ಕಾಡುತ್ತದೆ.

ಆಕ್ಷೇಪಗಳಿಲ್ಲವೆಂದಲ್ಲ. ಜೆಸ್ಸಿಕಾಳಿಗೆ ಬೈಕು, ಗರ್ಭ, ಗಾಂಭೀರ್ಯ ಎಲ್ಲ ಕೊಟ್ಟು ಮನಸ್ಸಿನೊಳಕ್ಕೆ ಮಾತ್ರ ನಮ್ಮನ್ನು ಬಿಡುವುದಿಲ್ಲ. ಮೈಲ್ಸ್‌ನ ಗೆಳತಿ, ಇನ್ನೊಂದು ಲೋಕದ ಸ್ಪೈಡರ್ ಆದ ಗ್ವೆನ್‌ಳನ್ನು ಜೆಸ್ಸಿಕಾ ಕೈಬಿಡುವ ಕ್ಷಣದಲ್ಲಿ ಅರ್ಧ ನಿಮಿಷ ಹೆಚ್ಚು ಸಿಕ್ಕಿದ್ದರೆ ಆ ಪಾತ್ರ ನಿಲ್ಲುತ್ತಿತ್ತು. ನೂರಾರು ಸ್ಪೈಡರ್‌ಗಳು ಒಟ್ಟಿಗೆ ಬೆನ್ನಟ್ಟುವ ಭಾಗ ಕಣ್ಣಿಗೆ ಹಬ್ಬವಾದರೂ, ಒಂದು ಹಂತದ ನಂತರ ಯಾರ ಗುರುತೂ ಹತ್ತದೆ ಮತ್ತೆ ದಾದರ್ ಸ್ಟೇಷನ್ನೇ. ಇನ್ನೊಂದು ಮಾತು ಕಸುಬಿನವನಾಗಿ ನುಂಗಲಾರದ್ದು: ಕೊನೆಯ ಹಂತದವರೆಗೆ ನಡೆಯುತ್ತಿದ್ದ ಬದಲಾವಣೆಗಳಿಂದ ಬಸವಳಿದು ಸುಮಾರು ನೂರು ಕಲಾವಿದರು ಕೆಲಸ ಬಿಟ್ಟರೆಂದು ಬಿಡುಗಡೆಯ ತಿಂಗಳಲ್ಲೇ ಪತ್ರಿಕಾ ವರದಿ ಬಂದಿತ್ತು. ಜಾಕೆಟ್ಟಿಗೊಂದು ಲೆಕ್ಕ ಗಿಟಾರಿಗೊಂದು ಲೆಕ್ಕ ಇಟ್ಟು ಕುಳಿತವರ ರಾತ್ರಿಗಳು ಹೇಗಿದ್ದಿರಬಹುದೆಂದು ನಾನು ಊಹಿಸಬೇಕಾಗಿಲ್ಲ.

ಚಿತ್ರದ ಮೂಲ ಪ್ರಶ್ನೆಗೆ, ಅಂದರೆ ಸ್ಪೈಡರ್-ಮ್ಯಾನ್‌ಗೆ ಆಪ್ತನಾದ ಪೊಲೀಸ್ ಕ್ಯಾಪ್ಟನ್ ಸಾಯಲೇಬೇಕೇ ಎಂಬುದಕ್ಕೆ, ಮೊದಲ ಉತ್ತರ ಸಿಗುವುದು ನಾಯಕನಿಲ್ಲದ ಕೋಣೆಯಲ್ಲಿ. ಗ್ವೆನ್‌ಳ ಲೋಕವನ್ನು ಜಲವರ್ಣದಲ್ಲಿ ಚಿತ್ರಿಸಲಾಗಿದೆ, ಅಲ್ಲಿ ಗೋಡೆಗಳ ಬಣ್ಣ ಅವಳ ಮನಸ್ಸಿನೊಂದಿಗೆ ಬದಲಾಗುತ್ತದೆ. ಆರಂಭದಲ್ಲಿ ತಂದೆ ಅವಳ ಮೇಲೆ ಬಂದೂಕು ಹಿಡಿದಾಗ ತಣ್ಣಗಿದ್ದ ಬಣ್ಣಗಳು, ಅವಳು ಮನೆಗೆ ಮರಳಿ ಅವರೊಡನೆ ಮಾತಿಗೆ ನಿಂತಾಗ ಕರಗಿ ಗೋಡೆಯುದ್ದಕ್ಕೂ ಹರಿಯುತ್ತವೆ. ಮಗಳ ಕಡೆ ನಿಲ್ಲಲು ತಾನು ಪೊಲೀಸ್ ಕೆಲಸವನ್ನೇ ಬಿಟ್ಟೆ ಎಂದು ಜಾರ್ಜ್ ಸ್ಟೇಸಿ ಹೇಳುತ್ತಾರೆ. ಕ್ಯಾಪ್ಟನ್ ಅಲ್ಲದ ಮೇಲೆ ಕ್ಯಾಪ್ಟನ್ನಿಗೆ ಬರೆದ ಸಾವು ಅವರಿಗೆ ಬರಬೇಕಾಗಿಲ್ಲ. ಸ್ಪೈಡರ್ ಕೂಟದ ಎಲ್ಲ ಯಂತ್ರಗಳಿಗೂ ಹೊಳೆಯದ ದಾರಿ ಒಬ್ಬ ಅಪ್ಪನ ರಾಜೀನಾಮೆಯಲ್ಲಿತ್ತು ಎಂಬುದನ್ನು ಚಿತ್ರ ಸಂಗೀತ ಬಾರಿಸಿ ಹೇಳದೆ, ಗ್ವೆನ್‌ಳ ಮುಖದಲ್ಲಿ ಮಾತ್ರ ತೋರಿಸಿ ಮುಂದೆ ಹೋಗುತ್ತದೆ. ಆಮೇಲೆ ಅವಳು ಮೈಲ್ಸ್‌ನ ತಂದೆತಾಯಿಯರ ಬಾಗಿಲಿಗೆ ಹೋಗುತ್ತಾಳೆ, ಹೋಬಿಯನ್ನೂ ಪವಿತ್ರನನ್ನೂ ಮಗು ಕಟ್ಟಿಕೊಂಡ ಪೀಟರನ್ನೂ ಕೂಡಿಸುತ್ತಾಳೆ. ನಾಯಕ ಅಷ್ಟು ಹೊತ್ತಿಗೆ ತಪ್ಪಿದ ಲೋಕವೊಂದರಲ್ಲಿ, ತನ್ನ ತಾಯಿಯಲ್ಲದ ಇನ್ನೊಬ್ಬ ರಿಯೊಗೆ ತನ್ನ ಗುಟ್ಟನ್ನೆಲ್ಲ ಹೇಳಿಬಿಟ್ಟು, ಕಟ್ಟುಹಾಕಿಸಿಕೊಂಡು ಕುಳಿತಿದ್ದಾನೆ. 140 ನಿಮಿಷಗಳ ಚಿತ್ರ ಅಲ್ಲಿಗೆ ನಿಲ್ಲುತ್ತದೆ. ಮುಂದಿನ ಭಾಗ 2024ರ ಮಾರ್ಚ್‌ಗೆ ಎಂದು ಪ್ರಕಟಿಸಿದ್ದು ಮುಂದಕ್ಕೆ ಹೋಯಿತು.

ದೀಪ ಹೊತ್ತಿಕೊಂಡಾಗ ಅಕ್ಕನ ಮಗ ಸೀಟಿನಿಂದ ಏಳಲಿಲ್ಲ. “ಮಾಮ, ಮೈಲ್ಸ್ ಇಲ್ಲದೆ ಹೇಗೆ ಮುಗೀತದೆ?” ಎಂದು ಸಿಟ್ಟಿನಲ್ಲಿ ಕೇಳಿದ. ತೆರೆಯ ಮೇಲೆ ಕೊನೆಗೆ ಯಾರಿದ್ದರು ಎಂದು ನಾನು ಕೇಳಿದೆ. ಅವನು ಬೆರಳು ಮಡಚುತ್ತ ಗ್ವೆನ್‌ಳಿಂದ ಶುರುಮಾಡಿ ಹೋಬಿಯವರೆಗೆ ಎಣಿಸಿದ, ಮರೆತುಹೋಗಿತ್ತೆಂಬಂತೆ ಮೇಡೇ ಪಾಪುವನ್ನೂ ಸೇರಿಸಿದ, ಮತ್ತೆ ಮೊದಲಿನಿಂದ ಎಣಿಸತೊಡಗಿದ.