ಸೀಲ್: ಇಯರ್‌ಫೋನಿನ ರಬ್ಬರ್ ಮಾಡುವ ಕೆಲಸ

ಹೊಸ ಇಯರ್‌ಫೋನ್ ತಂದ ದಿನ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಹಳೇ ರೆಕಾರ್ಡಿಂಗ್ ಒಂದನ್ನು ಹಚ್ಚಿದೆ. ನಮ್ಮ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದವರು, ಮೊದಲು ಅವರ ದನಿಯೇ ಕೇಳಲಿ ಅಂತ. ದನಿ ಬಂತು, ತಬಲಾದ ಟಕಟಕವೂ ಬಂತು. ಜೋಡಿಯ ದಪ್ಪ ದನಿಯ ಡಗ್ಗಾ ಮಾತ್ರ ಮಾಯ! ಮರುದಿನ ಖಡೇಬಜಾರಿನ ಅಂಗಡಿಗೆ ವಾಪಸ್ ಒಯ್ದೆ. ಅಂಗಡಿಯವರು ನಕ್ಕರು. "ಮಾಲ್ ಚಲೋ ಐತ್ರಿ ಸರ, ರಬ್ಬರ್ ಸಣ್ಣದಾಗೇತಿ." ಡಬ್ಬಿಯಲ್ಲಿ ನಾನು ಮುಟ್ಟದೇ ಬಿಟ್ಟಿದ್ದ ದೊಡ್ಡ ರಬ್ಬರ್ ಹಾಕಿಕೊಟ್ಟರು. ಡಗ್ಗಾ ಬಂತು.

ನಾವು ರಬ್ಬರ್ ಅನ್ನುವುದಕ್ಕೆ ಕಂಪನಿಯವರು ಇಯರ್‌ಟಿಪ್ ಅನ್ನುತ್ತಾರೆ. ಅದು ಕಿವಿಯೊಳಗೆ ಸುತ್ತಲೂ ಸಂದಿಲ್ಲದೆ ಕೂತರೆ ಅದೇ 'ಸೀಲ್'. ಕುಕ್ಕರಿನ ರಬ್ಬರ್ ಸಡಿಲಾದರೆ ಸೀಟಿ ಹೊಡೆಯುವುದಿಲ್ಲ, ಅಲ್ವಾ? ಹಾಗೇ ಇದೂ.

ಆದರೆ ಬಾಸ್, ಅಂದರೆ ಡಗ್ಗಾದಂಥ ದಪ್ಪ ದನಿ, ಒಂದೇ ಯಾಕೆ ಹೋಗಬೇಕು? ಇಯರ್‌ಫೋನಿನೊಳಗೆ ಅದುರಿ ದನಿ ಮಾಡುವ ಪರದೆ ತೀರಾ ಚಿಕ್ಕದು, ಜಾಸ್ತಿ ಗಾಳಿ ತಳ್ಳಲಾರದು. ರಬ್ಬರಿನಿಂದ ಕಿವಿಯೊಳಗಿನ ತಮಟೆಯವರೆಗೆ ಸಿಕ್ಕಿಬಿದ್ದ ಗಾಳಿಯೂ ಚೂರೇ ಇರುವುದರಿಂದ ಅಷ್ಟು ತಳ್ಳಿದರೂ ಸಾಕಾಗುತ್ತದೆ. ಸಂದು ಇದ್ದರೆ ಆಟ ಕೆಡುತ್ತದೆ. 50 ಹರ್ಟ್ಸ್ ಅಂದರೆ ಪರದೆ ಸೆಕೆಂಡಿಗೆ 50 ಸಲ ಮಾತ್ರ ಆಡುತ್ತದೆ. ಒಂದೊಂದು ಸಲ ತಳ್ಳಿದಾಗಲೂ ಗಾಳಿ ನುಸುಳಿ ಹೋಗುವಷ್ಟು ಹೊತ್ತು ಸಿಗುತ್ತದೆ, ಒತ್ತಡ ನಿಲ್ಲುವುದಿಲ್ಲ. 5000 ಹರ್ಟ್ಸಿನ ಕೀಚು ದನಿಗೆ ಆ ಪುರಸೊತ್ತೇ ಇಲ್ಲ, ಗಾಳಿ ಹೊರಬೀಳುವ ಮೊದಲೇ ತಮಟೆ ಮುಟ್ಟಿರುತ್ತದೆ. ದನಿ ಏರಿಳಿಸುವ ಫೋನಿನ ಈಕ್ವಲೈಸರಿನಲ್ಲಿ ಬಾಸ್ ಏರಿಸುವುದು ಸೋರುವ ಕೊಡಕ್ಕೆ ನೀರು ಹೊಯ್ದಂತೆ. ಸುಮ್ನೆ ಬ್ಯಾಟರಿ ದಂಡ.

ಪರೀಕ್ಷೆ ಸುಲಭ. ಹಾಡು ನಡೆದಿರುವಾಗ ಬೆರಳಿಂದ ಮೆಲ್ಲಗೆ ಒತ್ತಿ. ಬಾಸ್ ಒಮ್ಮೆಲೇ ತುಂಬಿದರೆ ಮೊದಲು ಸೀಲ್ ಇರಲಿಲ್ಲ. ಎರಡೂ ಕಿವಿಗೆ ಒಂದೇ ಅಳತೆ ಬೇಕೆಂದೇನಿಲ್ಲ. ನನಗೆ ಎಡಕ್ಕೆ ಮೀಡಿಯಂ, ಬಲಕ್ಕೆ ಲಾರ್ಜ್. ದೊಡ್ಡದು ಹಾಕಿದಷ್ಟೂ ಒಳ್ಳೆಯದು ಅಂತಲೂ ಅಲ್ಲ: ಅದು ಮಡಚಿಕೊಂಡು ಮತ್ತೆ ಸಂದು ಬಿಡಬಹುದು, ಕಿವಿಯೂ ನೋಯುತ್ತದೆ.

ಸಿಲಿಕೋನ್ ರಬ್ಬರ್ ಸರಿಹೋಗದವರು ಸ್ಪಂಜಿನಂಥ ಫೋಮ್ ನೋಡಬಹುದು. ಹೊಸೆದು ಸಣ್ಣ ಮಾಡಿ, ಒಳಗೆ ಇಟ್ಟು, ಅರ್ಧ ನಿಮಿಷ ಹಿಡಿದರೆ ಕಿವಿಯ ಆಕಾರಕ್ಕೆ ಉಬ್ಬುತ್ತದೆ. ಬಸ್ಸಿನ ಗದ್ದಲ ಚೆನ್ನಾಗಿ ತಡೆಯುತ್ತದೆ, ಕೀಚು ದನಿಯನ್ನೂ ಸ್ವಲ್ಪ ಮೆತ್ತಗೆ ಮಾಡುತ್ತದೆ. ಆದರೆ ಬೇಗ ಹಾಳು, ಕೆಲ ತಿಂಗಳಿಗೊಮ್ಮೆ ಬದಲಿಸಬೇಕು. ನನಗೆ ಆ ಖರ್ಚು ಜಾಸ್ತಿ ಅನಿಸಿತು.

ಆಳವೂ ಲೆಕ್ಕಕ್ಕೆ ಬರುತ್ತದೆ. ರಬ್ಬರಿಗೂ ತಮಟೆಗೂ ಇರುವ ದೂರ ಬದಲಾದರೆ ಕಿವಿಯೊಳಗೆ ಮೊರೆಯುವ ದನಿಯೂ ಬದಲಾಗುತ್ತದೆ. ಒಳಗೆ ಹೋದಷ್ಟೂ ಅದು ಇನ್ನಷ್ಟು ಕೀಚು ದನಿಯ ಕಡೆಗೆ ಸರಿಯುತ್ತದೆ. ಒಂದೇ ಇಯರ್‌ಫೋನ್ ನನಗೆ ಚುಚ್ಚಿ, ಗೆಳೆಯನಿಗೆ ಹಿತವಾಗುವುದಕ್ಕೆ ಇದೂ ಒಂದು ಕಾರಣ.

ಸೀಲ್ ಚೆನ್ನಾಗಿ ಕೂತಿದ್ದರ ಇನ್ನೊಂದು ಗುರುತು ಊಟದ ಹೊತ್ತಿಗೆ ಗೊತ್ತಾಗುತ್ತದೆ. ಎಲುಬಿನ ಮೂಲಕ ಬರುವ ನಮ್ಮದೇ ಸದ್ದು ಹೊರಗೆ ಹೋಗಲಾರದೆ ಕಿವಿಯಲ್ಲೇ ಉಳಿದು ದೊಡ್ಡದಾಗುತ್ತದೆ. ಖಡಕ್ ರೊಟ್ಟಿ ಮುರಿದು ಬಾಯಿಗಿಟ್ಟರೆ ಸಾಕು, ಕುಮಾರ ಗಂಧರ್ವರೂ ಕೇಳುವುದಿಲ್ಲ.